ಲೆಕ್ಕ ಹೇಳಿದವರ ಮೇಲೆ ಸಿಟ್ಟು

2023ರ ಆಗಸ್ಟ್ ಕೊನೆ. ಅಣ್ಣಿಗೇರಿ ಕಡೆಯ ಎರಿ ಹೊಲವೊಂದರಲ್ಲಿ ನಿಂತಿದ್ದೆ. ನೆಲದ ಬಿರುಕಿಗೆ ಕೈ ಇಳಿಸಿದರೆ ಮೊಣಕೈವರೆಗೂ ಹೋಯಿತು. ಹೆಸರಿನ ಗಿಡ ಕಾಯಿ ಕಟ್ಟದೆ ಒಣಗಿತ್ತು. ಹೊಲದ ಯಜಮಾನರನ್ನು ಅದಕ್ಕಿಂತ ಹೆಚ್ಚು ಕಾಡುತ್ತಿದ್ದದ್ದು ಇನ್ನೊಂದು: "ನಮ್ಮ ಹೊಲದಾಗ ಹನಿ ಬಿದ್ದಿಲ್ರಿ, ಲೆಕ್ಕದಾಗ ಮಳಿ ಆಗೇತಂತ." ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆ ಮಾಪಕದ ಅಂಕಿ ಇಲ್ಲದೆ ಅಂಥ ಘೋಷಣೆ ಆಗುವುದಿಲ್ಲ. ಅಳತೆ ಕೆಟ್ಟರೆ ಏನಾಗುತ್ತದೆಂದು ನಮ್ಮ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬ್ರೆಜಿಲ್‌ನಲ್ಲಿ ನಡೆದದ್ದು ಅದಕ್ಕೇ ಅವರಿಗೆ ಬೇಗ ತಿಳಿಯುತ್ತದೆ. ಅಲ್ಲಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 'ಇನ್ಪೆ' 1988ರಿಂದ ಪ್ರತಿವರ್ಷ ಉಪಗ್ರಹ ಚಿತ್ರ ನೋಡಿ ಅಮೆಜಾನ್ ಕಾಡು ಎಷ್ಟು ಹೋಯಿತೆಂದು ಅಳೆಯುತ್ತಿದೆ. 2004ರಲ್ಲಿ ಇನ್ನೊಂದು ವ್ಯವಸ್ಥೆ ಸೇರಿತು: ಕಾಡಿನ ನಡುವೆ ಹೊಸ ಬಯಲು ಕಂಡರೆ ಕೂಡಲೇ ಎಚ್ಚರಿಕೆ. ಅಧಿಕಾರಿಗಳು ಆ ಗುರುತು ಹಿಡಿದು ಹೋಗಿ ದಂಡ ಹಾಕುತ್ತಿದ್ದರು. ಅದೊಂದರಿಂದಲೇ ಅಲ್ಲ, ಆದರೂ ವರ್ಷಕ್ಕೆ 27,000 ಚದರ ಕಿ.ಮೀ. ದಾಟಿದ್ದ ನಾಶ 2012ಕ್ಕೆ ಸುಮಾರು 4,600ಕ್ಕೆ ಇಳಿಯಿತು.

2019ರಲ್ಲಿ ಕಡು ಬಲಪಂಥೀಯ ಬೊಲ್ಸೊನಾರೊ ಅಧ್ಯಕ್ಷರಾದರು. ಕಾಡು ಕಡಿಯುವುದು ಮತ್ತೆ ಏರುತ್ತಿದೆ ಎಂದು ಅಂಕಿಗಳು ತೋರಿಸಿದಾಗ ಅವರು ಅಂಕಿಗಳೇ ಸುಳ್ಳು ಎಂದರು. ಅದನ್ನು ಎದುರಿಸಿ ಮಾತಾಡಿದ ಇನ್ಪೆ ನಿರ್ದೇಶಕ, ಭೌತವಿಜ್ಞಾನಿ ರಿಕಾರ್ಡೊ ಗಲ್ವಾವ್ ಆಗಸ್ಟ್‌ನಲ್ಲಿ ಹುದ್ದೆ ಕಳೆದುಕೊಂಡರು. ನನಗೆ ಹೊಟ್ಟೆಯಲ್ಲಿ ಸಂಕಟವಾಗುವುದು ಇಲ್ಲೇ. 2021ರ ಲೆಕ್ಕದಲ್ಲಿ ಒಂದೇ ವರ್ಷಕ್ಕೆ ಸುಮಾರು 13,000 ಚದರ ಕಿ.ಮೀ. ಕಾಡು ಹೋಗಿತ್ತು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ನೆಲ.

ಈ ಕಡು ಬಲಪಂಥೀಯ ರಾಜಕೀಯಕ್ಕೆ ದೇಶದ ಗಡಿಯೇ ಎಲ್ಲಕ್ಕಿಂತ ದೊಡ್ಡದು. ಹವಾಮಾನ ಒಪ್ಪಂದವೆಂದರೆ ಹೊರಗಿನವರು ಮೂಗು ತೂರಿಸಿದಂತೆ, ತಜ್ಞರೆಂದರೆ ಜನಸಾಮಾನ್ಯರ ಮೇಲೆ ಸವಾರಿ ಮಾಡುವವರಂತೆ. ಟ್ರಂಪ್ ಪ್ಯಾರಿಸ್ ಒಪ್ಪಂದದಿಂದ ಹೊರಬರುವುದಾಗಿ ಎರಡು ಸಲ ಸಾರಿದರು, 2017ರಲ್ಲಿ ಮತ್ತು 2025ರಲ್ಲಿ. ಇಂಥ ರಾಜಕೀಯದ ಮಾತು ನಡೆಯಲು ಅಧಿಕಾರ ಕೈಗೆ ಬರಲೇಬೇಕೆಂದೂ ಇಲ್ಲ. ಸ್ವೀಡನ್‌ನಲ್ಲಿ 2022ರಿಂದ ಅಂಥದೇ ಪಕ್ಷವೊಂದು ಸಂಪುಟದ ಹೊರಗಿದ್ದು ಸರ್ಕಾರಕ್ಕೆ ಬೆಂಬಲ ಕೊಡುತ್ತಿತ್ತು. ಆ ಸರ್ಕಾರದ ಕಾಲದಲ್ಲೇ, ಜೈವಿಕ ಇಂಧನ ಬೆರೆಸಿ ಡೀಸೆಲ್‌ನ ಇಂಗಾಲದ ಹೊರಸೂಸುವಿಕೆಯನ್ನು 30.5% ತಗ್ಗಿಸಬೇಕೆಂಬ ನಿಯಮ 2024ಕ್ಕೆ 6%ಗೆ ಇಳಿಯಿತು. ಡೀಸೆಲ್ ದುಬಾರಿಯಾದರೆ ಹಳ್ಳಿಯವರ ಜೇಬಿಗೆ ಕತ್ತರಿ ಬೀಳುತ್ತದೆ, ಆ ದೂರು ಸುಳ್ಳಲ್ಲ. ಅದಕ್ಕೆ ಬೇರೆ ದಾರಿ ಹುಡುಕದೆ ಗುರಿಯನ್ನೇ ಇಳಿಸಿದ್ದು ತಪ್ಪು.

ಅಮೆಜಾನ್‌ನ ಮರಗಳು ಬೇರಿನಿಂದ ನೀರೆಳೆದು ಎಲೆಗಳಿಂದ ಆವಿ ಬಿಡುತ್ತವೆ. ಗಾಳಿ ಆ ತೇವವನ್ನು ದಕ್ಷಿಣಕ್ಕೆ ಹೊತ್ತೊಯ್ಯುತ್ತದೆ. ಬ್ರೆಜಿಲ್‌ನ ಸೋಯಾ ಹೊಲಗಳಿಗೆ ಮಳೆ ಬರುವುದರಲ್ಲಿ ಅದರ ಪಾಲೂ ಇದೆ. ದೇಶದ ಹೆಸರಿನಲ್ಲಿ ಕಡಿದದ್ದು ದೇಶದ ರೈತರ ಮಳೆಯನ್ನೇ.

2023ರಲ್ಲಿ ಸರ್ಕಾರ ಬದಲಾಯಿತು. ಗಲ್ವಾವ್ ವಿಜ್ಞಾನ ಸಂಶೋಧನೆಗೆ ಹಣ ಕೊಡುವ ರಾಷ್ಟ್ರೀಯ ಮಂಡಳಿಯ ಅಧ್ಯಕ್ಷರಾದರು. 2024ರ ಲೆಕ್ಕದಲ್ಲಿ ನಾಶ 6,300 ಚದರ ಕಿ.ಮೀ. ಆಸುಪಾಸಿಗೆ ಇಳಿದಿತ್ತು. ಅಷ್ಟರಲ್ಲಾಗಲೇ ಸುಟ್ಟ ಮರಗಳ ಇಂಗಾಲ ಗಾಳಿ ಸೇರಿತ್ತು. ಒಂದೆರಡು ವರ್ಷದಲ್ಲಿ ಅದು ಇಡೀ ಭೂಮಿಯ ಗಾಳಿಯಲ್ಲಿ ಬೆರೆತುಬಿಡುತ್ತದೆ, ಅಣ್ಣಿಗೇರಿಯ ಗಾಳಿಯಲ್ಲೂ.