ಫೋನಿನಿಂದ ಉಪಗ್ರಹ: ನನ್ನ ನೋಟ್ಸ್ (ಡಾಪ್ಲರ್ ಭಾಗ ಸ್ವಲ್ಪ ಉದ್ದ ಆಗಿದೆ)

ಮೊನ್ನೆಮೊನ್ನೆಯವರೆಗೂ ನಾನು ಅಂದುಕೊಂಡಿದ್ದು ಇಷ್ಟು: ಉಪಗ್ರಹ ನೆತ್ತಿಯ ಮೇಲೆ ಬಂದಾಗ ಡಾಪ್ಲರ್ ವ್ಯತ್ಯಾಸ (ಹತ್ತಿರ ಬರುವಾಗ ಫ್ರೀಕ್ವೆನ್ಸಿ ಏರಿದ ಹಾಗೆ, ದೂರ ಹೋಗುವಾಗ ಇಳಿದ ಹಾಗೆ ಸಿಗುವುದು) ಅತಿ ಜಾಸ್ತಿ. ಅದು ಪೂರ್ತಿ ಉಲ್ಟಾ. ಎರಡು ಸಂಜೆ ಹಾಳಾದ ಮೇಲೆ ತಲೆಗೆ ಹೋಯಿತು. ಮತ್ತೆ ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ಫೋನಿನಿಂದ ಅಗ್ಗದ ಉಪಗ್ರಹ ಅನ್ನುವ ಇದೇ ಸೆಮಿನಾರ್ ವಿಷಯ ಹಿಡಿದು ಕೂತವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಫೋನಿನ ಕಥೆ

2013ರ ಏಪ್ರಿಲ್ 21ರಂದು ನಾಸಾದ ಏಮ್ಸ್ ಕೇಂದ್ರದ ಮೂರು ಪುಟ್ಟ ಉಪಗ್ರಹಗಳು ಆಂಟಾರಿಸ್ ರಾಕೆಟ್ ಏರಿ ಹೋದವು. ಹೆಸರು ಅಲೆಕ್ಸಾಂಡರ್, ಗ್ರಹಾಂ, ಬೆಲ್. ಟೆಲಿಫೋನ್ ಕಂಡುಹಿಡಿದವನ ಹೆಸರನ್ನೇ ಮೂರು ತುಂಡು ಮಾಡಿ ಹಂಚಿದ್ದು, ಯಾಕಂದ್ರೆ ಹೊಟ್ಟೆಯೊಳಗೆ ಇದ್ದದ್ದು ಅಂಗಡಿಯಲ್ಲಿ ಸಿಗುವ ಫೋನು. ಗ್ರಹಾಂ, ಬೆಲ್ ಎರಡರಲ್ಲೂ ಎಚ್‌ಟಿಸಿ ನೆಕ್ಸಸ್ ಒನ್. ಒಂದೊಂದರ ಬಿಡಿಭಾಗಗಳಿಗೆ ಖರ್ಚಾದದ್ದು 3,500ರಿಂದ 7,000 ಡಾಲರ್. ಹತ್ತು ಸೆಂಟಿಮೀಟರ್ ಡಬ್ಬಿ, ಅಂದರೆ ಕ್ಯೂಬ್‌ಸ್ಯಾಟ್ ಅಳತೆ. 1999ರಲ್ಲಿ ಕ್ಯಾಲ್ ಪಾಲಿ ಮತ್ತು ಸ್ಟ್ಯಾನ್‌ಫರ್ಡ್‌ನ ಇಬ್ಬರು ಪ್ರೊಫೆಸರ್‌ಗಳು ವಿದ್ಯಾರ್ಥಿಗಳಿಗೆಂದು ಗೊತ್ತುಮಾಡಿದ ಅಳತೆ ಅದು.

ಕಕ್ಷೆ ತುಂಬ ತಗ್ಗಿನಲ್ಲಿತ್ತು. ಒಂದೇ ವಾರದಲ್ಲಿ ಮೂರೂ ವಾತಾವರಣಕ್ಕೆ ಬಿದ್ದು ಉರಿದುಹೋದವು. ಅಷ್ಟರಲ್ಲಿ ಫೋನಿನ ಕ್ಯಾಮೆರಾ ತೆಗೆದ ಭೂಮಿಯ ಚಿತ್ರಗಳು ಚೂರುಚೂರಾಗಿ ಕೆಳಗೆ ಬಂದಿದ್ದವು. ಬೇರೆ ಬೇರೆ ದೇಶದ ಹ್ಯಾಮ್ ರೇಡಿಯೋದವರು, ಅಂದರೆ ಹವ್ಯಾಸಕ್ಕೆ ರೇಡಿಯೋ ನಡೆಸುವವರು, ತಮಗೆ ಸಿಕ್ಕ ಚೂರು ಕಳಿಸಿಕೊಟ್ಟರು, ಅದನ್ನೆಲ್ಲ ಸೇರಿಸಿ ಚಿತ್ರ ಮಾಡಿದರು. ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದದ್ದು ಇದೇ.

ಕಕ್ಷೆಗೆ ಮೊದಲು ಹೋದ ಸ್ಮಾರ್ಟ್‌ಫೋನ್ ಮಾತ್ರ ಇದಲ್ಲ. ಅದು ಇಂಗ್ಲೆಂಡಿನ ಸ್ಟ್ರ್ಯಾಂಡ್-1 ಉಪಗ್ರಹದಲ್ಲಿ ಇದ್ದದ್ದು, ಅದೂ ನೆಕ್ಸಸ್ ಒನ್. ಹೋದದ್ದು ನಮ್ಮ ಶ್ರೀಹರಿಕೋಟಾದಿಂದ, 2013ರ ಫೆಬ್ರವರಿ 25ರಂದು, ಪಿಎಸ್‌ಎಲ್‌ವಿ-ಸಿ20ರಲ್ಲಿ. ಎರಡು ತಿಂಗಳು ಮುಂಚೆ. ಸೆಮಿನಾರ್‌ನಲ್ಲಿ ಯಾರಾದರೂ ‘ನಾಸಾದ್ದೇ ಮೊದಲು’ ಅಂದರೆ ಬಿಡಬೇಡಿ.

ನಾಸಾದವರು ಫೋನಿನಲ್ಲಿ ಬಳಸಿದ್ದು ಪ್ರೊಸೆಸರ್, ಮೆಮೊರಿ, ಕ್ಯಾಮೆರಾ, ಸೆನ್ಸರ್‌ಗಳು. ಸಿಮ್ ಹಾಕಿ ಮಾತಾಡುವ ರೇಡಿಯೋ ಅಲ್ಲಿ ದಂಡ. ಹಳೆಯ ಜಿಎಸ್‌ಎಂ ಮೊಬೈಲ್ ಟವರ್‌ನ ಲೆಕ್ಕವೇ 35 ಕಿಲೋಮೀಟರ್‌ಗೆ ಮುಗಿಯುತ್ತದೆ. ಹಾಗಾಗಿ 437.425 ಮೆಗಾಹರ್ಟ್ಸ್‌ನ ಬೇರೆಯೇ ಟ್ರಾನ್ಸ್‌ಮಿಟರ್ ಕೂರಿಸಿದರು. ಜಿಪಿಎಸ್ ಕೂಡ ಹಾಗೇ: ಅಂಗಡಿಯ ಜಿಪಿಎಸ್ ಚಿಪ್ ಕ್ಷಿಪಣಿಗೆ ಬಳಕೆಯಾಗಬಾರದು ಅಂತ ಸೆಕೆಂಡಿಗೆ ಸುಮಾರು 515 ಮೀಟರ್ ವೇಗ ದಾಟಿದರೆ ತಾನೇ ಸುಮ್ಮನಾಗುತ್ತದೆ. 500 ಕಿಲೋಮೀಟರ್ ಎತ್ತರದ ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್.

ವಾಚ್‌ಡಾಗ್

ವಿಕಿರಣದ ಕಣವೊಂದು ಚಿಪ್‌ಗೆ ತಾಗಿದರೆ ಮೆಮೊರಿಯ ಒಂದು ಬಿಟ್ ತಿರುಗಬಹುದು (ಸೊನ್ನೆ ಇದ್ದದ್ದು ಒಂದಾಗಬಹುದು), ಇಲ್ಲವೇ ಒಳಗೆ ಶಾರ್ಟ್ ಆದ ಹಾಗೆ ಕರೆಂಟ್ ನುಗ್ಗಬಹುದು. ದುಬಾರಿ ಉಪಗ್ರಹದಲ್ಲಿ ಇದನ್ನು ತಡೆಯುವ ಚಿಪ್ ಹಾಕುತ್ತಾರೆ. ಅಗ್ಗದ್ದರಲ್ಲಿ ವಾಚ್‌ಡಾಗ್ ಅನ್ನುವ ಇನ್ನೊಂದು ಪುಟ್ಟ ಬೋರ್ಡ್ ಫೋನನ್ನು ಕಾಯುತ್ತಾ ಕೂತಿರುತ್ತದೆ. ‘ಇದ್ದೀಯಾ?’ ಅಂದದ್ದಕ್ಕೆ ಉತ್ತರ ಬರದಿದ್ದರೆ ಪವರ್ ತೆಗೆದು ಮತ್ತೆ ಕೊಡುತ್ತದೆ. ಹಾಸ್ಟೆಲ್ ರೌಟರ್‌ಗೆ ನಾವು ಮಾಡುವ ಉಪಚಾರವೇ. ಅಗ್ಗದ ಚಿಪ್ ಕೆಡುವುದಿಲ್ಲ ಅಂತಲ್ಲ, ಕೆಟ್ಟಾಗ ಎಬ್ಬಿಸಲು ಒಬ್ಬ ಇದ್ದಾನೆ ಅಂತ.

ಪವರ್ ಲೆಕ್ಕ ನನಗೆ ಕಷ್ಟವಾಗಲಿಲ್ಲ, ಬೇಗ ಮುಗಿಸುತ್ತೇನೆ. ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಬಿಸಿಲು. ಹತ್ತು ಸೆಂಟಿಮೀಟರ್ ಮುಖಕ್ಕೆ 13.6. ಅದರ ಶೇ. 20ನ್ನು ಕರೆಂಟ್ ಮಾಡುವ ಸೋಲಾರ್ ಸೆಲ್ ಆದರೆ 2.7. ಸುತ್ತಿನ ಮೂರನೇ ಒಂದು ಭಾಗಕ್ಕೂ ಜಾಸ್ತಿ ಭೂಮಿಯ ನೆರಳು. ಒಂದು ಮುಖದಿಂದ ಸರಾಸರಿ ಎರಡು ವ್ಯಾಟ್ ಕೂಡ ಸಿಗುವುದಿಲ್ಲ. ನಿಮ್ಮ ಹಳೇ ಚಾರ್ಜರ್ ಕೊಡುವುದೇ ಹತ್ತು.

ಈಗ ಡಾಪ್ಲರ್

ಪಾಠದಲ್ಲಿ ‘ವೇಗ ಜಾಸ್ತಿ, ವ್ಯತ್ಯಾಸ ಜಾಸ್ತಿ’ ಅಂತ ಓದಿದ್ದೆ. ಉಪಗ್ರಹ ನೆತ್ತಿಯ ಮೇಲೆ ಬಂದಾಗ ಸರ್ರನೆ ಹೋದ ಹಾಗೆ ಕಾಣುತ್ತದೆ, ಅಲ್ವಾ? ಹಾಗಾದರೆ ಅಲ್ಲೇ ಡಾಪ್ಲರ್ ಜಾಸ್ತಿ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ತಪ್ಪಿದ್ದು ಅಲ್ಲೇ. ಬೇಕಾದದ್ದು ಉಪಗ್ರಹದ ವೇಗ ಅಲ್ಲ. ನನಗೂ ಅದಕ್ಕೂ ನಡುವಿನ ದೂರ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು.

ಇದು ನನಗೆ ಅರ್ಥವಾದದ್ದು ಹಳೆಯಂಗಡಿಯಲ್ಲಿ, ಹೈವೇ ಬದಿಯಲ್ಲಿ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನ್ ಬಗ್ಗೆ ಹೇಳಬೇಕಿಲ್ಲ, ಮುಂದೆ ಯಾರೂ ಇಲ್ಲದಿದ್ದರೂ ಒತ್ತಿಕೊಂಡೇ ಬರುತ್ತಾರೆ. ನಾನು ರಸ್ತೆಯಿಂದ 5 ಮೀಟರ್ ಬದಿಗೆ ನಿಂತಿದ್ದೇನೆ ಅಂತಿಟ್ಟುಕೊಳ್ಳಿ. ಬಸ್ಸು ಸೆಕೆಂಡಿಗೆ 15 ಮೀಟರ್. ಅದು 100 ಮೀಟರ್ ಆಚೆ ಇದ್ದಾಗ ಒಂದು ಸೆಕೆಂಡಿನಲ್ಲಿ ನನ್ನಿಂದ ಅದರ ದೂರ 100.1ರಿಂದ 85.1ಕ್ಕೆ ಇಳಿಯುತ್ತದೆ. ಪೂರ್ತಿ 15 ಮೀಟರ್ ನನ್ನ ಕಡೆಗೇ ಬಂದ ಲೆಕ್ಕ. ಈಗ ನನ್ನೆದುರು ದಾಟುವ ಸೆಕೆಂಡ್ ನೋಡಿ. 7.5 ಮೀಟರ್ ಈಚೆಯಿಂದ 7.5 ಮೀಟರ್ ಆಚೆಗೆ. ಮೊದಲು ದೂರ 9 ಮೀಟರ್, ಆಮೇಲೂ 9. ಬಸ್ಸು ಅಷ್ಟೇ ಜೋರಾಗಿ ಓಡಿತು, ಆದರೆ ಒಟ್ಟಿನಲ್ಲಿ ನನ್ನ ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ. ಸರಿಯಾಗಿ ಎದುರಿಗೆ ಬಂದ ಕ್ಷಣದಲ್ಲಿ ಡಾಪ್ಲರ್ ಸೊನ್ನೆ. ನಮಗೆ ‘ಪೀಂ…ಪೋಂ’ ಅಂತ ಕೇಳಿಸುವುದು ಸ್ವರ ಅಲ್ಲಿ ಹೆಚ್ಚಿರುವುದರಿಂದ ಅಲ್ಲ, ಅಲ್ಲಿ ಬೇಗ ಇಳಿಯುವುದರಿಂದ.

ಹೆಚ್ಚಿರುವುದು ಬೇರೆ, ಬೇಗ ಬದಲಾಗುವುದು ಬೇರೆ. ನಾನು ಎರಡನ್ನೂ ಒಂದೇ ಮಾಡಿಕೊಂಡಿದ್ದೆ.

ಇನ್ನು ಆಕಾಶಕ್ಕೆ ಬನ್ನಿ. 500 ಕಿಲೋಮೀಟರ್ ಎತ್ತರದ ಉಪಗ್ರಹ ದಿಗಂತದಲ್ಲಿ ಕಾಣಿಸಿಕೊಂಡಾಗ ನಮ್ಮಿಂದ ಸುಮಾರು 2,570 ಕಿಲೋಮೀಟರ್ ದೂರ. ಆಗ ಅದರ 7.6ರಲ್ಲಿ ಸುಮಾರು 7 ಕಿಲೋಮೀಟರ್ ವೇಗ ನಮ್ಮ ಕಡೆಗೇ. ಬೆಳಕಿನ ವೇಗದಿಂದ ಭಾಗಿಸಿ 437 ಮೆಗಾಹರ್ಟ್ಸ್‌ಗೆ ಗುಣಿಸಿದರೆ 10 ಕಿಲೋಹರ್ಟ್ಸ್ ಚಿಲ್ಲರೆ. ಬರುವಾಗ ಅಷ್ಟು ಮೇಲೆ, ನೆತ್ತಿಯಲ್ಲಿ ಸೊನ್ನೆ, ಹೋಗುವಾಗ ಅಷ್ಟು ಕೆಳಗೆ. ನೆತ್ತಿಯ ಹತ್ತಿರ ಸೆಕೆಂಡಿಗೆ ಸುಮಾರು 150 ಹರ್ಟ್ಸ್ ಜಾರುತ್ತದೆ. ದಿಗಂತದಲ್ಲಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಸಿಗ್ನಲ್‌ನ ಫ್ರೀಕ್ವೆನ್ಸಿಯನ್ನು ಹೊತ್ತುಹೊತ್ತಿಗೆ ತೋರಿಸುವ ಸ್ಕ್ರೀನ್ ಮೇಲೆ ಮಲಗಿಸಿದ ‘ಎಸ್’ ಅಕ್ಷರದ ಹಾಗೆ ಗೆರೆ ಮೂಡುವುದು ಇದಕ್ಕೇ.

ಗೆರೆ ಎಲ್ಲಿ ಹೋಯಿತು?

ನಾಸಾದ ಮೂರೂ ಉರಿದುಹೋಗಿವೆ, ನಾನು ಹುಡುಕಿದ್ದು ಈಗ ಮೇಲಿರುವ ಇನ್ನೊಂದು ಪುಟ್ಟ ಉಪಗ್ರಹದ ಸಿಗ್ನಲ್. ಇಷ್ಟು ಗೊತ್ತಾದ ಮೇಲೂ ನನಗೆ ಅದರ ಗೆರೆ ಸಿಗಲಿಲ್ಲ. ನನ್ನ ಹತ್ತಿರ ಇರುವುದು ಟಿವಿ ನೋಡಲೆಂದು ಮಾಡಿದ ಅಗ್ಗದ ಯುಎಸ್‌ಬಿ ಡಾಂಗಲ್, ಆರ್‌ಟಿಎಲ್-ಎಸ್‌ಡಿಆರ್. ಕಂಪ್ಯೂಟರ್‌ಗೆ ಚುಚ್ಚಿದರೆ ರೇಡಿಯೋ ರಿಸೀವರ್ ಆಗುತ್ತದೆ. ಆಂಟೆನಾ ಟೈಲರ್ ಟೇಪ್ ಅಲ್ಲ, ಬಡಗಿಗಳ ಸ್ಟೀಲ್ ಟೇಪ್ ಕತ್ತರಿಸಿ ಮಾಡಿದ್ದು. (ಅಳತೆಗೆ ನನ್ನ ಶಾರ್ಟ್‌ಕಟ್: 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ನಲ್ಲಿ. 437ಕ್ಕೆ 69 ಸೆಂಟಿಮೀಟರ್, ಅರ್ಧ ಅಂದರೆ 34.) ಮೊದಲ ಸಂಜೆ ಅದನ್ನು ಟೆರೇಸಿನ ತಗಡು ಶೀಟಿನ ಅಡಿಯಲ್ಲೇ ಹಿಡಿದು ನಿಂತಿದ್ದೆ. ಮಳೆಗೆ ನಮ್ಮೂರಲ್ಲಿ ಎಲ್ಲರೂ ಶೀಟ್ ಹಾಕಿಸುತ್ತಾರೆ, ತಗಡಿನೊಳಗೆ ರೇಡಿಯೋ ಬರುವುದಿಲ್ಲ ಅನ್ನುವುದು ನೆನಪಾಗಲೇ ಇಲ್ಲ. ಮರುದಿನ ಅಂಗಳಕ್ಕೆ ಇಳಿದೆ. ಪಕ್ಕದ ಮನೆಯ ಮಾವ ಗೇಟಿನಿಂದ ಕೇಳಿದರು, “ಎಂತ ಮಾರಾಯ, ಡಿಶ್ ಹೋಯ್ತಾ?”

ಗೆರೆ ಬಂತು. ಆದರೆ ಇರಬೇಕಾದ ಜಾಗದಲ್ಲಿ ಅಲ್ಲ, 22 ಕಿಲೋಹರ್ಟ್ಸ್ ಆಚೆ. ಡಾಪ್ಲರ್ ಎಷ್ಟೆಂದರೂ 10. ಪ್ಲಸ್ ಮೈನಸ್ ತಪ್ಪಾಗಿದೆ ಅಂತ ಗಂಟೆಗಟ್ಟಲೆ ಲೆಕ್ಕ ತಿದ್ದಿದೆ. ತಪ್ಪು ಲೆಕ್ಕದಲ್ಲಿ ಇರಲಿಲ್ಲ, ಡಾಂಗಲ್‌ನ ಒಳಗೆ ಫ್ರೀಕ್ವೆನ್ಸಿಗೆ ತಾಳ ಹಾಕುವ ಕ್ರಿಸ್ಟಲ್‌ನಲ್ಲಿತ್ತು. ಅಗ್ಗದ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 50 ಪಾಲು, ಅಂದರೆ 50 ಪಿಪಿಎಂ, ಆಚೀಚೆ ಇರುವುದು ಮಾಮೂಲು. 437 ಮೆಗಾಹರ್ಟ್ಸ್‌ನಲ್ಲಿ ಒಂದು ಪಿಪಿಎಂ ಅಂದರೆ 437 ಹರ್ಟ್ಸ್. ಐವತ್ತಕ್ಕೆ 21.85 ಕಿಲೋಹರ್ಟ್ಸ್. ಸರಿಹೋಯಿತು! ಉಪಗ್ರಹ ಅಷ್ಟು ವೇಗದಲ್ಲಿ ಓಡಿ ಮಾಡುವ ವ್ಯತ್ಯಾಸ 24 ಪಿಪಿಎಂ ಕೂಡ ಇಲ್ಲ. ನನ್ನ ಮೇಜಿನ ಮೇಲೆ ಸುಮ್ನೆ ಕೂತ ಡಾಂಗಲ್ ಅದರ ಎರಡರಷ್ಟು ಸುಳ್ಳು ಹೇಳುತ್ತಿತ್ತು.

‘ಮತ್ತೆ ಆಕಾಶವಾಣಿ ಮಂಗಳೂರು 100.3 ಅದರಲ್ಲೇ ಸರಿಯಾಗಿ ಬರ್ತದಲ್ಲ?’ ಅಂತ ನಾನೂ ಕೇಳಿಕೊಂಡೆ. ಅಲ್ಲಿ 50 ಪಿಪಿಎಂ ಅಂದರೆ 5 ಕಿಲೋಹರ್ಟ್ಸ್ ಮಾತ್ರ. ಎಫ್‌ಎಂ ಸ್ಟೇಷನ್ 200 ಕಿಲೋಹರ್ಟ್ಸ್ ಅಗಲ. ಅಗಲ ರಸ್ತೆಯಲ್ಲಿ ಒಂದಡಿ ಬದಿಗೆ ಹೋದರೆ ಯಾರಿಗೆ ಗೊತ್ತಾಗುತ್ತದೆ?

ಎರಡನ್ನು ಬೇರೆ ಮಾಡುವುದು ಹೀಗೆ. ಕ್ರಿಸ್ಟಲ್ ತಪ್ಪು ಇಡೀ ‘ಎಸ್’ ಗೆರೆಯನ್ನು ಎತ್ತಿ ಬದಿಗಿಡುತ್ತದೆ, ಆಕಾರ ಹಾಗೇ ಉಳಿಯುತ್ತದೆ. ಡಾಪ್ಲರ್ ಆಕಾರವನ್ನು ಮಾಡುತ್ತದೆ. ಹಾಗಾಗಿ ಗೆರೆ ಅತಿ ಬೇಗ ಜಾರುವ ಜಾಗ ನೋಡಿ. ಅಲ್ಲಿ ಡಾಪ್ಲರ್ ಸೊನ್ನೆ. ಆ ಜಾಗಕ್ಕೂ ಘೋಷಿಸಿದ ಫ್ರೀಕ್ವೆನ್ಸಿಗೂ ಇರುವ ಅಂತರವೇ ಕ್ರಿಸ್ಟಲ್ ತಪ್ಪು. ಅದರಲ್ಲಿ ಉಪಗ್ರಹದ ಕ್ರಿಸ್ಟಲ್ ಪಾಲೂ ಸೇರಿರುತ್ತದೆ, ಅದೂ ಅಗ್ಗದ್ದೇ. ಮೇಲೆ ಬಿಸಿಲು–ನೆರಳಿಗೆ ಅದು ಇನ್ನಷ್ಟು ಓಲಾಡುತ್ತದೆ. ಎರಡು ಮೂರು ಬೇರೆ ಉಪಗ್ರಹಗಳಲ್ಲೂ ಅಷ್ಟೇ ಅಂತರ ಬಂದರೆ ತಪ್ಪು ನಿಮ್ಮದು.

ಡಾಂಗಲ್ ಚುಚ್ಚಿ ಕಾಲು ಗಂಟೆ ಬಿಸಿಯಾಗಲು ಬಿಡಿ, ಆಮೇಲೆ ಅಳೆಯಿರಿ. ನಾನು ಸಾಫ್ಟ್‌ವೇರ್‌ನಲ್ಲಿ 50 ಪಿಪಿಎಂ ಅಂತ ತಿದ್ದಿದ ಮೇಲೆ ಮುಂದಿನ ಸಲ ಗೆರೆಯ ನಡು ಸರಿಯಾಗಿ ಜಾಗಕ್ಕೆ ಬಂದು ಕೂತಿತು. ಟೇಪ್ ಆಂಟೆನಾಗೆ ಮಾತ್ರ ಎರಡೇ ವಾರದಲ್ಲಿ ಉಪ್ಪುಗಾಳಿಯ ತುಕ್ಕು ಹಿಡಿದಿದೆ. ಮುಂದಿನದ್ದನ್ನು ಹಿತ್ತಾಳೆ ಸರಳಿನಲ್ಲಿ ಮಾಡಬೇಕು.