ಮಗು ಮಂಚದಿಂದ ಬಿದ್ದರೆ ಡಾಕ್ಟರು ನೆಲದ ಬಗ್ಗೆ ಯಾಕೆ ವಿಚಾರಿಸುತ್ತಾರೆ?

ಪ್ರಶ್ನೆ: ಎಂಟು ತಿಂಗಳ ಮಗು ಮಂಚದಿಂದ ಉರುಳಿ ಬಿತ್ತು. ಆಸ್ಪತ್ರೆಗೆ ಓಡಿದರೆ, ಮಂಚ ಎಷ್ಟೆತ್ತರ, ಕೆಳಗೆ ಏನಿತ್ತು, ತಲೆಯ ಯಾವ ಭಾಗ ತಾಗಿತು ಅಂತೆಲ್ಲ ಕೇಳಿದರು. ಇದೆಲ್ಲ ಯಾಕೆ ಬೇಕು?

ಉತ್ತರ: ಇದರಲ್ಲಿರುವುದು ಹೈಸ್ಕೂಲ್ ಫಿಸಿಕ್ಸ್. 60 ಸೆಂಟಿಮೀಟರ್ ಮಂಚದಿಂದ ಬಿದ್ದ ಮಗು ನೆಲ ಮುಟ್ಟುವಾಗ ಗಂಟೆಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗ ಎಷ್ಟು ಜಾಗದಲ್ಲಿ ನಿಂತಿತು ಅನ್ನುವುದೇ ಮುಖ್ಯ. ಬಿದ್ದ ಎತ್ತರವನ್ನು ತಲೆ ನಿಲ್ಲಲು ಬೇಕಾದ ದೂರದಿಂದ ಭಾಗಿಸಿ. ಕೆಳಗಿದ್ದ ದಪ್ಪ ಹಾಸಿಗೆ 3 ಸೆಂಟಿಮೀಟರ್ ತಗ್ಗಿದರೆ ಉತ್ತರ 20. ಅಂದರೆ ತಲೆಯ ಮೇಲೆ ಸರಾಸರಿ ಗುರುತ್ವದ 20 ಪಟ್ಟು. ಟೈಲ್ಸ್ ತಗ್ಗಲ್ಲ, ಬುರುಡೆಯೇ ಬಾಗಬೇಕು. 6 ಮಿಲಿಮೀಟರ್‌ನಲ್ಲಿ ನಿಂತರೆ 100 ಪಟ್ಟು. ಮಂಚ ಅದೇ, ಪೆಟ್ಟು ಐದು ಪಟ್ಟು ಜಾಸ್ತಿ.

ಹಾಗಂತ ತೆಳು ಕಾರ್ಪೆಟ್ ನಂಬಬೇಡಿ. 1984ರಲ್ಲಿ ಜರ್ಮನಿಯ ವೈದ್ಯ ವೇಬರ್ ಶಿಶುಗಳ ಮೃತದೇಹಗಳನ್ನು 82 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ ನೋಡಿದ್ದರು. ಕೇಳುವುದಕ್ಕೇ ಸಂಕಟ, ನಿಜ. ಕಲ್ಲಿನ ಮೇಲೂ ಕಾರ್ಪೆಟ್ ಮೇಲೂ ಎಲ್ಲ ಬುರುಡೆಗಳೂ ಬಿರುಕು ಬಿಟ್ಟವು.

ಆದರೆ ಬುರುಡೆ ಬಿರುಕು ಬಿಟ್ಟರೆ ಮಿದುಳಿಗೂ ಏಟಾಗಿದೆ ಅಂತಲ್ಲ. ನೇರ ಗೀರಿನಂಥ ಬಿರುಕು ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುತ್ತದೆ. ಹೆದರಬೇಕಾದ್ದು ತಲೆ ರಪ್ಪನೆ ತಿರುಗಿದಾಗ. ಆಗ ಮಿದುಳಿನ ಮೇಲ್ಭಾಗದ ಸಣ್ಣ ರಕ್ತನಾಳಗಳು ಹರಿದು ಒಳಗೆ ರಕ್ತ ಸೇರಬಹುದು. ತಲೆಯ ಯಾವ ಭಾಗ, ಹೇಗೆ ತಾಗಿತು ಅಂತ ಕೇಳುವುದು ಇದಕ್ಕೇ. ಹೇಳಿದ ಕಥೆಗೂ ಪೆಟ್ಟಿಗೂ ಹೊಂದುತ್ತದಾ ಅಂತಲೂ ನೋಡುತ್ತಾರೆ, ಮಗುವಿಗೆ ಯಾರಾದರೂ ಹೊಡೆದಿರಬಹುದಲ್ವಾ? ಬೇಜಾರು ಮಾಡಿಕೊಳ್ಳಬೇಡಿ.

ಈ ಲೆಕ್ಕವನ್ನೇ ತೀರ್ಪು ಅಂದುಕೊಳ್ಳುವುದು ಮಾತ್ರ ತಪ್ಪು ಅನ್ನಿಸುತ್ತದೆ. ಬಿದ್ದಾಗಿನ ಪೆಟ್ಟು ಅಳೆಯಲು ಪ್ರಯೋಗಗಳಲ್ಲಿ ಬೀಳಿಸುವ ಗೊಂಬೆಯ ಕುತ್ತಿಗೆ ಮಗುವಿನ ಕುತ್ತಿಗೆಯಲ್ಲ. ಮಗುವಿನ ತಲೆ ಎಷ್ಟು ಪೆಟ್ಟು ತಡೆಯುತ್ತದೆ ಅನ್ನುವ ಅಂಕಿಗಳಲ್ಲೂ ಹಲವು ದೊಡ್ಡವರ, ಪ್ರಾಣಿಗಳ ಮಾಹಿತಿಯಿಂದ ಇಳಿಸಿ ತಂದವು.

ಸಮಾಧಾನದ ವಿಷಯವೂ ಇದೆ. ಅಮೆರಿಕದ 2008ರ ಒಂದು ಅಧ್ಯಯನದ ಪ್ರಕಾರ, 1.5 ಮೀಟರ್‌ಗಿಂತ ಕಡಿಮೆ ಎತ್ತರದಿಂದ ಬಿದ್ದು ಸಾಯುವ ಪುಟ್ಟ ಮಕ್ಕಳು ವರ್ಷಕ್ಕೆ ಹತ್ತು ಲಕ್ಷಕ್ಕೆ ಒಬ್ಬರಿಗಿಂತ ಕಡಿಮೆ.

ಸಿಟಿ ಸ್ಕ್ಯಾನ್ ಬೇಕಾ ಅನ್ನುವುದನ್ನು ಡಾಕ್ಟರು ಮಗುವನ್ನೇ ನೋಡಿ ತೀರ್ಮಾನಿಸುತ್ತಾರೆ. ಎರಡು ವರ್ಷದೊಳಗಿನ ಮಗು 90 ಸೆಂಟಿಮೀಟರ್‌ಗಿಂತ ಮೇಲಿನಿಂದ ಬಿದ್ದಿದ್ದರೆ, ಹಣೆ ಬಿಟ್ಟು ಬೇರೆ ಕಡೆ ಬುಗುಟು ಎದ್ದಿದ್ದರೆ, ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಕಾಗಿದ್ದರೆ, 'ಯಾಕೋ ಎಂದಿನಂತಿಲ್ಲ' ಅಂತ ನಿಮಗನ್ನಿಸಿದರೆ ತಕ್ಷಣ ಹೊರಡಿ. ಮೂರು ತಿಂಗಳೂ ತುಂಬಿರದ ಕೂಸಾದರೆ ಏನೂ ಕಾಣದಿದ್ದರೂ ತೋರಿಸಿ.