ಬೀಜ ಬಿಡದ ದಾಸವಾಳ

ಆಗಷ್ಟೇ ಅರಳಿದ ಕೆಂಪು ದಾಸವಾಳದ ಎಸಳುಗಳನ್ನು ಬುಡದ ಬಳಿ ಮೆಲ್ಲಗೆ ಅಗಲಿಸಿ ನೋಡಿ. ಬಿಡಿಬಿಡಿಯಾಗಿ ಕಾಣುವ ಐದು ಎಸಳುಗಳೂ ಬುಡದಲ್ಲಿ ನಡುವಿನ ಉದ್ದನೆಯ ದಂಡಕ್ಕೆ ಅಂಟಿಕೊಂಡಿರುತ್ತವೆ. ಅನೇಕ ಕೇಸರಗಳ ದಂಟುಗಳು ಒಂದಕ್ಕೊಂದು ಬೆಸೆದು ಆದ ಕೊಳವೆ ಅದು. ಅದರ ಮೈಮೇಲೆ ಹಳದಿ ಪರಾಗದ ಪುಟ್ಟ ಚೀಲಗಳು. ಕೊಳವೆಯ ಒಳಗಿನಿಂದ ತೂರಿ ಬರುವ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ದಂಟು, ತುದಿಯಲ್ಲಿ ಐದು ಕವಲಾಗಿ, ಪ್ರತಿ ಕವಲಿನ ತುದಿಗೂ ಪರಾಗ ಹಿಡಿಯುವ, ಮಖಮಲ್ಲಿನಂಥ ಒಂದೊಂದು ಪುಟ್ಟ ಗುಂಡಿ ಇರುತ್ತದೆ. ಹತ್ತಿಯ ಹೂವಿನಲ್ಲೂ ಬೆಂಡೆಯ ಹೂವಿನಲ್ಲೂ ಇದೇ ಬಗೆಯ ಕೇಸರದ ಕೊಳವೆಯುಂಟು. ಮೂರೂ ಮಾಲ್ವೇಸಿ ಕುಟುಂಬದವು.

ಇಷ್ಟು ಸಿದ್ಧತೆಯೆಲ್ಲ ಬೀಜಕ್ಕಾಗಿ. ಆದರೂ ತೋಟಗಳಲ್ಲಿ ಬೆಳೆಯುವ ಬಹುಪಾಲು ದಾಸವಾಳಗಳಲ್ಲಿ ಕಾಯಿ ಕಾಣಸಿಗುವುದು ಅಪರೂಪ. ಹೂವು ಸಾಮಾನ್ಯವಾಗಿ ಒಂದೇ ದಿನ ಅರಳಿದ್ದು, ಸುರುಟಿ, ತೊಟ್ಟಿನ ಸಮೇತ ಉದುರಿಬಿಡುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಇದಕ್ಕೆ ಹಿಬಿಸ್ಕಸ್ ರೋಸಾ-ಸೈನೆನ್ಸಿಸ್ ಎಂಬ ಹೆಸರಿಟ್ಟ. ಆ ವೇಳೆಗಾಗಲೇ ಇದು ಬಹಳ ಕಾಲದಿಂದ ಮನುಷ್ಯರ ಕೈಯಲ್ಲಿ ಬೆಳೆದ ಗಿಡವಾಗಿತ್ತು. ತಳಿಯಿಂದ ತಳಿಗೆ ಬೆರೆತು ಬಂದದ್ದರಿಂದ ಇದರ ಜೀವಕೋಶಗಳಲ್ಲಿ ವಂಶಗುಣಗಳನ್ನು ಹೊರುವ ವರ್ಣತಂತುಗಳ ಸಂಖ್ಯೆ ಎಲ್ಲ ಗಿಡಗಳಲ್ಲೂ ಒಂದೇ ಆಗಿಲ್ಲ. ಪರಾಗವೂ ಅಂಡವೂ ರೂಪುಗೊಳ್ಳುವಾಗ ವರ್ಣತಂತುಗಳು ಸರಿಯಾಗಿ ಜೋಡಿಯಾಗದಿದ್ದರೆ ಬೀಜ ಕಟ್ಟುವುದಿಲ್ಲ. ಮುದ್ದೆ ದಾಸವಾಳದಲ್ಲಂತೂ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿವೆ.

ಹಾಗಾಗಿ ಈ ಗಿಡದ ವಂಶ ಮುಂದುವರಿಯುವುದು ಮುಖ್ಯವಾಗಿ ಕತ್ತರಿಯಿಂದ. ತೀರಾ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ಕೊಂಬೆಯಿಂದ ಗೇಣುದ್ದದ ಕಡ್ಡಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಬೇಕು. ಬೇರು ಸುಲಭವಾಗಿ ಒಡೆಯುವುದು ಗೆಣ್ಣಿನ ಬಳಿಯೇ. ಕೆಳಗಿನ ಎಲೆಗಳನ್ನು ತೆಗೆದು, ತುದಿಯಲ್ಲಿ ಎರಡು ಮೂರನ್ನಷ್ಟೇ ಉಳಿಸಿ. ಬೇರಿಲ್ಲದ ಕಡ್ಡಿ ಹೆಚ್ಚು ನೀರು ಹೀರಲಾರದು, ಎಲೆಗಳಿಂದ ಮಾತ್ರ ನೀರು ಆವಿಯಾಗುತ್ತಲೇ ಇರುತ್ತದೆ. ನೀರು ನಿಲ್ಲದ ಮರಳು ಮಿಶ್ರಿತ ಮಣ್ಣಿನಲ್ಲಿ ನೆಟ್ಟು, ನೆರಳಿನಲ್ಲಿ ತೇವ ಆರದಂತೆ ನೋಡಿಕೊಂಡರೆ ಕೆಲವು ವಾರಗಳಲ್ಲಿ ಬೇರು ಬರುತ್ತದೆ. ನಡುವೆ ಕುತೂಹಲಕ್ಕೆಂದು ಕಡ್ಡಿಯನ್ನು ಕಿತ್ತು ನೋಡಬಾರದು. ಮೊದಲ ಬೇರುಗಳು ತಾಗಿದರೆ ಮುರಿಯುವಷ್ಟು ಎಳೆಯವು.

ಬೆಳೆದ ಗಿಡಕ್ಕೂ ಕತ್ತರಿ ಬೇಕು. ದಾಸವಾಳದ ಮೊಗ್ಗು ಮೂಡುವುದು ಹೊಸ ಚಿಗುರಿನಲ್ಲಿ. ಕತ್ತರಿ ತಾಗಿಸಲು ಹಿಂಜರಿಯುವವರ ಗಿಡ ಎತ್ತರಕ್ಕೆ ಹೋಗಿ, ತುದಿಯಲ್ಲಷ್ಟೇ ನಾಲ್ಕು ಹೂವು ಬಿಡುತ್ತದೆ. ಕೊಂಬೆಯ ತುದಿಯನ್ನು ಸವರಿದರೆ ಅಲ್ಲಿಂದ ಇಳಿದು ಬರುತ್ತಿದ್ದ, ಪಕ್ಕದ ಮೊಗ್ಗುಗಳನ್ನು ತಡೆಯುತ್ತಿದ್ದ ಆಕ್ಸಿನ್ ಎಂಬ ಹಾರ್ಮೋನಿನ ಹರಿವು ನಿಲ್ಲುತ್ತದೆ. ಆಗ ಕೆಳಗಿನ ಗೆಣ್ಣುಗಳು ಕವಲೊಡೆಯುತ್ತವೆ. ಒಂದು ಕೊಂಬೆಯಿದ್ದ ಜಾಗದಲ್ಲಿ ಮೂರಾಗುತ್ತವೆ.

ಬಿಸಿಲು ಧಾರಾಳವಾಗಿರಲಿ. ಸಾರಜನಕದ ಗೊಬ್ಬರ ಮಿತಿಮೀರಿದರೆ ಎಲೆಯೇ ಹೆಚ್ಚುತ್ತದೆ. ಮೊಗ್ಗುಗಳು ಅರಳುವ ಮೊದಲೇ ಉದುರುತ್ತಿದ್ದರೆ ನೀರು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾಗುತ್ತಿದೆಯೇ ಎಂದು ಮೊದಲು ನೋಡಿ, ಆಮೇಲೆ ಮೊಗ್ಗು ಬಿಡಿಸಿ ಥ್ರಿಪ್ಸ್ ನುಸಿಗಾಗಿ ಹುಡುಕಿ. ಕೊಂಬೆಯ ಮೇಲೆ ಇರುವೆಗಳ ಸಾಲು ಕಂಡರೆ ತುದಿಯಲ್ಲಿ ಬಿಳಿ ಹಿಟ್ಟು ತಿಗಣೆ ಇರುವ ಸಾಧ್ಯತೆ ಹೆಚ್ಚು. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದಕ್ಕೆ ಕಾವಲು ನಿಲ್ಲುತ್ತವೆ. ಇರುವೆಗಳನ್ನು ತಡೆಯದೆ ತಿಗಣೆ ಪೂರ್ತಿ ಹೋಗುವುದು ಕಷ್ಟ.

ಹೊಸ ಬಣ್ಣ ಬೇಕೆನ್ನುವವರು, ಬೀಜ ಕಟ್ಟಬಲ್ಲ ತಳಿಗಳನ್ನು ಆರಿಸಿ, ಒಂದರ ಪರಾಗವನ್ನು ಇನ್ನೊಂದರ ಐದು ಗುಂಡಿಗಳಿಗೆ ಕೈಯಾರೆ ಸವರುತ್ತಾರೆ. ಒಂದೇ ಕಾಯಿಯ ಬೀಜಗಳಿಂದ ಹುಟ್ಟಿದ ಸಸಿಗಳೂ ಬೇರೆಬೇರೆ ಬಣ್ಣದ ಹೂವು ಬಿಡುತ್ತವೆ. ಹೀಗೆ ಬಂದ ಅನೇಕ ಚೆಲುವೆಯರ ಬೇರು ದುರ್ಬಲ. ಅವನ್ನು ಗಟ್ಟಿ ಬೇರಿನ ಹಳೆಯ ತಳಿಯ ದಾಸವಾಳದ ಮೇಲೆ ಕಸಿ ಕಟ್ಟಿ ಬೆಳೆಸುತ್ತಾರೆ.